ಮಾರ್ತಳ ಹಬ್ಬದ ದಿನವೇ "ಮಾರ್ತಳ ಹಾಗಾಗಬೇಡಿ" ಅಂದರೆ ಹೇಗೆ?

ಸೌಟು ಹಿಡಿದವಳು
ಜುಲೈ 29, ಸಂತ ಮಾರ್ತಳ ಹಬ್ಬ. ಅತಿಥಿ ಸತ್ಕಾರಕ್ಕೆ, ಅಡುಗೆಯವರಿಗೆ, ಬಡಿಸುವವರಿಗೆ ಪಾಲಕಿ ಅಂತ ಹೆಸರಾದವಳು. ನಮ್ಮಲ್ಲಿ ಚರ್ಚಿನ ಬಲಿಪೂಜೆ (ಮಾಸ್) ಮುಗಿದ ಮೇಲೆ ಬಂದವರಿಗೆಲ್ಲ ಊಟ. ನಾವು ಏಳು ಜನ ಹೆಂಗಸರು ಬೆಳಗಿನ ಜಾವದಿಂದ ಹಿಂದಿನ ಅಡುಗೆಮನೆಯಲ್ಲಿ. ಹಾಡು ಗೋಡೆ ದಾಟಿ ಕೇಳುತ್ತದೆ, ಮಾತು ಕೇಳಲ್ಲ. ಪ್ರಬೋಧನೆ ಶುರುವಾದಾಗ ಸೆರಗಿಗೆ ಕೈ ಒರೆಸಿಕೊಂಡು ಪಕ್ಕದ ಬಾಗಿಲ ಸಂದಿಯಲ್ಲಿ ಹೋಗಿ ನಿಂತೆ. ಗುರುಗಳು ಹೇಳುತ್ತಿದ್ದರು: ನಾವು ಮಾರ್ತಳ ಹಾಗೆ ಗಡಿಬಿಡಿ ಮಾಡುವವರಾಗಬಾರದು, ಅವಳ ತಂಗಿ ಮರಿಯಳ ಹಾಗೆ ಯೇಸುವಿನ ಪಾದದ ಬಳಿ ಕೂತು ಕೇಳುವವರಾಗಬೇಕು. ಎಲ್ಲರೂ ತಲೆಯಾಡಿಸಿದರು.

ಆಮೇಲೆ ಅದೇ ತಲೆಗಳೆಲ್ಲ ಊಟದ ಸಾಲಲ್ಲಿ ನಿಂತವು.

ನಾನು ಬಾಗಿಲಲ್ಲಿ ನಿಂತ ಹತ್ತು ನಿಮಿಷದಲ್ಲಿ ದೊಡ್ಡ ಪಾತ್ರೆ ತಳ ಹಿಡಿಯಿತು, ಅದು ಬೇರೆ ಕಥೆ. ನನ್ನ ಪ್ರಶ್ನೆ ಇಷ್ಟೇ. ಸತ್ಕಾರ ಸದ್ಗುಣವೋ, ಧ್ಯಾನಕ್ಕೆ ಅಡ್ಡಿಯೋ? ಎರಡರಲ್ಲಿ ಒಂದು ಹೇಳಿ, ಮುಂದಿನ ವರ್ಷ ಅದರ ಪ್ರಕಾರ ಒಲೆ ಹಚ್ಚುವುದೋ ಬೇಡವೋ ನೋಡುತ್ತೇವೆ.

ಹಿಂದಿನ ಸಾಲು
ಅಕ್ಕಾ, ನಮ್ಮಲ್ಲೂ ವರ್ಷವರ್ಷ ಇದೇ ಪ್ರಬೋಧನೆ. ಮೇಲಿನ ಹೆಸರು ಬದಲಾಯಿಸಿದರೆ ನಮ್ಮದೇ ದೇವಾಲಯ. ತಲೆಯಾಡಿಸಿದವರಲ್ಲಿ ನಾನೂ ಇದ್ದೆ, ಸುಳ್ಳು ಯಾಕೆ ಹೇಳಲಿ.

ನೇರ ಮಾತು
ಇದರಲ್ಲಿ ಗುರುಗಳ ತಪ್ಪೇನಿದೆ? ಅವರು ಸ್ವಂತದ್ದು ಏನೂ ಹೇಳಿಲ್ಲ. ಬೈಬಲಿನಲ್ಲಿ ಲೂಕ 10:38ರಿಂದ 42 ತೆಗೆದು ಓದಿ. ಯೇಸು ಮನೆಗೆ ಬಂದಾಗ, ತಂಗಿ ಕೆಲಸಕ್ಕೆ ನೆರವಾಗುತ್ತಿಲ್ಲ ಅಂತ ಮಾರ್ಥಳು ದೂರು ತಂದಳು, ಸ್ವಾಮಿ ತಿದ್ದಿದರು, ಮರಿಯಳು ಒಳ್ಳೆಯ ಭಾಗವನ್ನೇ ಆರಿಸಿಕೊಂಡಿದ್ದಾಳೆ ಅಂದರು. ಮುಗಿಯಿತು. ನಮಗೆ ನೋವಾಯಿತು ಅಂತ ವಾಕ್ಯ ಬದಲಾಗುತ್ತಾ?

ಕುತೂಹಲಿ
ನಾನು ಕ್ರೈಸ್ತನಲ್ಲ, ತಪ್ಪಿದ್ದರೆ ತಿದ್ದಿ. ಸಂತರ ಹಬ್ಬ ಅಂದರೆ ಅವರು ಹುಟ್ಟಿದ ದಿನವಾ? ಇನ್ನೊಂದು, ಒಬ್ಬರು ಮಾರ್ತ ಅಂತೀರಿ, ಒಬ್ಬರು ಮಾರ್ಥಳು ಅಂತೀರಿ. ಇಬ್ಬರೂ ಒಬ್ಬಳೇ ತಾನೆ?

ಪಂಚಾಂಗದ ಹುಚ್ಚ
ಒಬ್ಬಳೇ. ಯಾವ ಬೈಬಲ್ ಓದಿ ಬೆಳೆದಿದ್ದೀರಿ ಅನ್ನುವುದರ ಮೇಲೆ ಉಚ್ಚಾರ. ಅದರ ಮೇಲೆ ಜಗಳ ಶುರು ಮಾಡಬೇಡಿ, ಆ ಜಗಳಕ್ಕೆ ಕೊನೆಯಿಲ್ಲ.

ಹಬ್ಬ ಸಾಮಾನ್ಯವಾಗಿ ಸತ್ತ ದಿನ. ಆ ದಿನವನ್ನೇ ಸ್ವರ್ಗದಲ್ಲಿ ಹುಟ್ಟಿದ ದಿನ ಅಂತ ಹಳಬರು ಕರೆದರು. ಮಾರ್ತಳದ್ದು ಹಾಗಲ್ಲ, ಅವಳು ಎಂದು ಸತ್ತಳೋ ಯಾರೂ ಬರೆದಿಟ್ಟಿಲ್ಲ. ಮಗ್ದಲದ ಮರಿಯಳ ಹಬ್ಬ ಜುಲೈ 22. ಅಲ್ಲಿಂದ ಎಂಟನೇ ದಿನ ಎಣಿಸಿ, 29 ಸಿಗುತ್ತದೆ. 591ರ ಸುಮಾರಿಗೆ ಪೋಪ್ ಮಹಾ ಗ್ರೆಗೊರಿ ಒಂದು ಪ್ರಬೋಧನೆಯಲ್ಲಿ ಮಗ್ದಲದ ಮರಿಯಳನ್ನೂ ಬೆಥಾನಿಯ ಊರಿನ ಮರಿಯಳನ್ನೂ, ಅಂದರೆ ಮಾರ್ತಳ ತಂಗಿಯನ್ನೂ, ಒಂದೇ ಮಾಡಿಬಿಟ್ಟರು, ಪಶ್ಚಿಮದಲ್ಲಿ ಅದೇ ನಂಬಿಕೆ ಉಳಿಯಿತು. ತಂಗಿಯ ಹಬ್ಬದ ಎಂಟನೇ ದಿನ ಅಕ್ಕನದು. 2021ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಕಾಲದಲ್ಲಿ ಅದನ್ನು ಸರಿಮಾಡಿ, ಜುಲೈ 29 ಈಗ ಮಾರ್ತ, ಮರಿಯ, ಅವರ ಒಡಹುಟ್ಟಿದ ಲಾಸರ ಮೂವರ ಸ್ಮರಣೆ. ಪೂರ್ವದ ಆರ್ಥೊಡಾಕ್ಸ್ ಪಂಚಾಂಗದಲ್ಲಿ ಅಕ್ಕತಂಗಿಯರಿಗೆ ಜೂನ್ 4.

ಹಿಂದಿನ ಸಾಲು
ಅಂದರೆ ಅಡುಗೆಮನೆಯಲ್ಲಿ ಒಬ್ಬಳೇ ಇದ್ದವಳಿಗೆ ಪಂಚಾಂಗದಲ್ಲಾದರೂ ಜೊತೆ ಸಿಕ್ಕಿತು.

ಕುತೂಹಲಿ
ಸತ್ತ ದಿನ ಅಂದರೆ ನಮ್ಮ ಮಾತಲ್ಲಿ ತಿಥಿ. ಅತಿಥಿ ಅಂದರೆ ತಿಥಿ ಇಲ್ಲದವನು, ಇಂಥ ದಿನ ಬರುತ್ತೇನೆ ಅಂತ ಹೇಳದೆ ಬರುವವನು ಅಂತ ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಈ ಮಾರ್ತಳಿಗೆ ನಿಜವಾದ ತಿಥಿ ಗೊತ್ತಿಲ್ಲ ಅಂದಮೇಲೆ ಅವಳೇ ಅತಿಥಿ ಆದಳಲ್ಲ!

ಸೌಟು ಹಿಡಿದವಳು
😄 ಬೆಳಗಿನಿಂದ ಮೊದಲ ಸಲ ನಕ್ಕೆ. ನೀವು ಊಟಕ್ಕೆ ಬನ್ನಿ. ತಿಥಿ ಹೇಳದೆ ಬನ್ನಿ.

ಗ್ರೀಕ್ ಮೇಷ್ಟ್ರು
'ನೇರ ಮಾತು' ಅವರೇ, ವಾಕ್ಯ ಓದಿ ಅಂದಿರಿ, ಓದೋಣ.

ಮನೆಗೆ ಬರಮಾಡಿಕೊಂಡವಳು ಯಾರು? 38ನೇ ವಚನ ಮಾರ್ತಳ ಹೆಸರನ್ನೇ ಹೇಳುತ್ತದೆ. ಅವಳು ಬಾಗಿಲು ತೆರೆಯದೆ ಇದ್ದಿದ್ದರೆ ಮರಿಯಳು ಕೂರುವುದಕ್ಕೆ ಪಾದವೇ ಇರುತ್ತಿರಲಿಲ್ಲ. 40ನೇ ವಚನದಲ್ಲಿ ಅವಳ ಕೆಲಸಕ್ಕೆ ಇರುವ ಮೂಲ ಗ್ರೀಕ್ ಪದ 'ದಿಯಕೊನಿಯಾ', ಸೇವೆ ಅಂತ. ಚರ್ಚಿನಲ್ಲಿ ಡೀಕನ್ ಅನ್ನುವ ಪದವಿಯ ಹೆಸರು ಬಂದದ್ದು ಇದೇ ಬೇರಿನಿಂದ. ಅದು ಬೈಗುಳದ ಪದ ಅಲ್ಲ. ತಿದ್ದಿದ್ದು ಯಾವುದನ್ನು? ಅದೇ ವಚನದ ಇನ್ನೊಂದು ಕ್ರಿಯಾಪದ, ನಾಲ್ಕೂ ಕಡೆಯಿಂದ ಎಳೆದಾಡಲ್ಪಡುವುದು ಅಂತ ಅರ್ಥ. ಕೈ ಇಲ್ಲಿ, ಕಣ್ಣು ಅಲ್ಲಿ, ಮನಸ್ಸು 'ಅವಳು ಯಾಕೆ ಕೂತಿದ್ದಾಳೆ' ಅನ್ನುವಲ್ಲಿ. ಯೇಸು "ಅಡುಗೆ ಬಿಡು" ಅನ್ನಲಿಲ್ಲ. ಚಿಂತೆ, ತಳಮಳ ಅಂದರು. ಎರಡು ಸಲ ಹೆಸರು ಹಿಡಿದು ಕರೆದರು, "ಮಾರ್ತಾ, ಮಾರ್ತಾ" ಅಂತ. ಅಬ್ರಹಾಮನನ್ನು, ಮೋಶೆಯನ್ನು, ಸಮುವೇಲನನ್ನು ದೇವರು ಹಾಗೆ ಎರಡು ಸಲ ಕರೆದದ್ದು ನೆನಪಿದೆಯಾ? ಅದು ಗದರುವ ದನಿ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಇನ್ನು ಪಾದದ ಬಳಿ ಕೂರುವುದು ಅಂದರೆ ಸುಮ್ಮನೆ ಕೂರುವುದಲ್ಲ, ಶಿಷ್ಯತ್ವ. ಪೌಲ ತಾನು ಗುರು ಗಮಲಿಯೇಲನ ಪಾದದ ಬಳಿ ಕಲಿತೆ ಅನ್ನುತ್ತಾನಲ್ಲ, ಅದೇ ಮಾತು. ಹೆಣ್ಣೊಬ್ಬಳಿಗೆ ಆ ಜಾಗ ಸಿಕ್ಕಿತು, ಅದನ್ನು ಅವಳಿಂದ ಕಿತ್ತುಕೊಳ್ಳುವುದಿಲ್ಲ ಅಂದರು. ಮರಿಯಳ ಪರ ನಿಂತರೆ ಮಾರ್ತಳ ವಿರುದ್ಧ ನಿಂತ ಹಾಗೆ ಅಂತ ನಾವೇ ಅಂದುಕೊಂಡದ್ದು.

ನೇರ ಮಾತು
ಮೂಲಭಾಷೆ ಎತ್ತಿಕೊಂಡರೆ ಏನು ಬೇಕಾದರೂ ಹೇಳಬಹುದು ಮೇಷ್ಟ್ರೇ. "ಬೇಕಾದದ್ದು ಒಂದೇ" ಅನ್ನುವ ಮಾತು ಕನ್ನಡದಲ್ಲೂ ಸ್ಪಷ್ಟವಾಗೇ ಇದೆ.

ಗ್ರೀಕ್ ಮೇಷ್ಟ್ರು
ಇದೆ. ಹಾಗಾದರೆ ಯೊವಾನ್ನ 12:2 ಕೂಡ ಸ್ಪಷ್ಟವಾಗಿದೆ. ಪಾಸ್ಖ ಹಬ್ಬಕ್ಕೆ ಆರು ದಿನ ಮುಂಚೆ ಅದೇ ಬೆಥಾನಿಯದಲ್ಲಿ ಊಟ. ಲಾಸರ ಪಂಕ್ತಿಯಲ್ಲಿ, ಮರಿಯ ಸುಗಂಧತೈಲ ಹಿಡಿದು ಪಾದದ ಬಳಿ. ಮಾರ್ತ? ಬಡಿಸುತ್ತಿದ್ದಳು. ಮತ್ತೆ ಬಡಿಸುತ್ತಿದ್ದಳು! ಈ ಸಲ ದೂರಿಲ್ಲ, ತಿದ್ದುಪಡಿಯೂ ಇಲ್ಲ. ಇದರ ನಡುವೆ, 11ನೇ ಅಧ್ಯಾಯದಲ್ಲಿ, ತಮ್ಮ ಸತ್ತಾಗ ಊರಾಚೆ ಎದುರುಗೊಂಡು ಹೋಗಿ "ನೀವೇ ಮೆಸ್ಸೀಯ, ದೇವರ ಪುತ್ರ" ಅಂತ ಬಾಯಿಬಿಟ್ಟು ಹೇಳಿದವಳೂ ಅವಳೇ. ಮರಿಯ ಆಗ ಮನೆಯಲ್ಲೇ ಕೂತಿದ್ದಳು.

ಹಿಂದಿನ ಸಾಲು
'ಮನೆಯಲ್ಲೇ ಕೂತಿದ್ದಳು' ಅನ್ನುವುದನ್ನು ಯಾಕೆ ಯಾರೂ ಪ್ರಬೋಧನೆಯಲ್ಲಿ ಹೇಳಲ್ಲ?

ಅಂಗಳದ ದೀಪ
ಮೇಷ್ಟ್ರೇ, ಲಾಸರ ತಮ್ಮನೋ ಅಣ್ಣನೋ?

ಗ್ರೀಕ್ ಮೇಷ್ಟ್ರು
ಒಡಹುಟ್ಟಿದವನು ಅಂತಷ್ಟೇ ಇದೆ. ತಮ್ಮ ಅಂದದ್ದು ನನ್ನ ಬಾಯಿಚಪಲ. ಒಪ್ಪಿದೆ.

ಹಳೇ ಪಾತ್ರೆ
ನಾನು ಮಾರ್ತಳ ಪಕ್ಷದವಳೇ, ಆದರೂ ಒಂದು ಹೇಳಬೇಕು.

ನಮ್ಮ ಸೋದರಮಾವ ವರ್ಷಕ್ಕೊಮ್ಮೆ ಬರುತ್ತಿದ್ದರು. ಬಂದರೆ ಒಂದು ಹಗಲು. ಆ ಸಲ ಬಂದವರು ಅಡುಗೆಮನೆ ಬಾಗಿಲಿಗೆ ಬಂದು ನಿಂತು, "ಬಾರೇ, ಕೂತ್ಕೋ, ಮಾತಾಡೋಣ" ಅಂದರು. "ಬಂದೆ ಮಾವ, ಐದು ನಿಮಿಷ" ಅಂದೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಬಂದರು. ಒಂದು ಮಣೆ ಎಳೆದುಕೊಂಡು ಬಾಗಿಲಲ್ಲೇ ಕೂತರು. ನಾನು ಬೆನ್ನು ತಿರುಗಿಸಿಕೊಂಡೇ ಹ್ಞೂ ಹ್ಞೂ ಅಂತಿದ್ದೆ, ಕುಕ್ಕರಿನ ಸದ್ದಲ್ಲಿ ಅರ್ಧ ಕೇಳಿಸಲಿಲ್ಲ. ಎಲೆ ತುಂಬ ಬಡಿಸಿದೆ. ಉಂಡರು, ಹೊಗಳಿದರು, ಸಂಜೆ ಬಸ್ಸಿಗೆ ಹೋದರು. ಮುಂದಿನ ವರ್ಷ ಬರಲಿಲ್ಲ, ಬರುವ ಹಾಗಿರಲಿಲ್ಲ.

ಅವತ್ತು ಏನು ಅಡುಗೆ ಮಾಡಿದ್ದೆ ಅಂತ ಈಗ ನನಗೆ ನೆನಪಿಲ್ಲ. ಅವರು ಬಾಗಿಲಲ್ಲಿ ಏನು ಹೇಳುತ್ತಿದ್ದರು ಅಂತಲೂ ಗೊತ್ತಿಲ್ಲ. ಲೂಕನ ಆ ಐದು ವಚನ ಓದಿದಾಗೆಲ್ಲ ನನಗೆ ಕಾಣುವುದು ಆ ಮಣೆ.

ಸೌಟು ಹಿಡಿದವಳು
ಅಕ್ಕಾ... ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಎರಡು ಸಲ ಓದಿದೆ.

ನೇರ ಮಾತು
ಇದನ್ನೇ ನಾನು ಹೇಳಿದ್ದು. ಚೆನ್ನಾಗಿ ಹೇಳಲು ಬರಲಿಲ್ಲ ಅಷ್ಟೆ.

ಚೌಕಟ್ಟು
ಚಿತ್ರಕಲೆ ಕಡೆಯಿಂದ ಎರಡು ಮಾತು. ಸ್ಪೇನಿನ ವೆಲಾಸ್ಕೆಸ್ 1618ರಲ್ಲಿ ಈ ಪ್ರಸಂಗ ಬರೆದಿದ್ದಾನೆ, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಚಿತ್ರ ತುಂಬ ಇರುವುದು ಅಡುಗೆಮನೆ. ಮುಂದೆ ಒಬ್ಬ ಹುಡುಗಿ ಹಿತ್ತಾಳೆ ಕುಟ್ಟಾಣಿಯಲ್ಲಿ ಕುಟ್ಟುತ್ತಿದ್ದಾಳೆ. ಮೇಜಿನ ಮೇಲೆ ನಾಲ್ಕು ಮೀನು, ಎರಡು ಮೊಟ್ಟೆ, ಬೆಳ್ಳುಳ್ಳಿ, ಒಂದು ಒಣಮೆಣಸು. ಹಿಂದೆ ನಿಂತ ಮುದುಕಿ ಬೆರಳು ತೋರಿಸಿ ಏನೋ ಹೇಳುತ್ತಿದ್ದಾಳೆ. ಯೇಸು, ಮಾರ್ತ, ಮರಿಯ ಎಲ್ಲ ಬಲಮೂಲೆಯ ಒಂದು ಪುಟ್ಟ ಚೌಕದಲ್ಲಿ. ಅದು ಕಿಟಕಿಯೋ ಕನ್ನಡಿಯೋ ಗೋಡೆಯ ಚಿತ್ರವೋ ಅಂತ ಇವತ್ತಿಗೂ ವಾದ ನಡೆಯುತ್ತಿದೆ. ಆ ಹುಡುಗಿಯ ಮುಖ ನೋಡಿ. ಕಣ್ಣಂಚು ಕೆಂಪಗೆ, ಈಗಲೋ ಆಗಲೋ ಅಳುವ ಹಾಗೆ. 'ಸೌಟು ಹಿಡಿದವಳು' ಬಾಗಿಲ ಸಂದಿಯಲ್ಲಿ ನಿಂತದ್ದು ಓದಿದ ಕೂಡಲೇ ಆ ಮುಖ ನೆನಪಾಯಿತು.

ಇನ್ನೊಂದು, ಅಬ್ರಹಾಮನ ಆತಿಥ್ಯ. ಆದಿಕಾಂಡ 18ರಲ್ಲಿ ಸುಡುಬಿಸಿಲಲ್ಲಿ ಮೂವರು ಅಪರಿಚಿತರು ಬರುತ್ತಾರೆ, ಅಬ್ರಹಾಮ ಓಡಿಹೋಗಿ ಕರೆಯುತ್ತಾನೆ. "ಒಂದು ತುತ್ತು ತಿಂದು ಹೋಗಿ" ಅನ್ನುತ್ತಾನೆ, ಒಳಗೆ ಹೋಗಿ ಸಾರಳಿಗೆ "ಬೇಗ, ಮೂರು ಸೆಯಾ ಹಿಟ್ಟು ನಾದು" ಅನ್ನುತ್ತಾನೆ. ಮೂರು ಸೆಯಾ ಅಂದರೆ ಸುಮಾರು 20 ಲೀಟರ್ ಅಳತೆ! ಬಂದವರು ಮೂರು ಜನ. ಪೂರ್ವದ ಧರ್ಮಸಭೆಗಳಲ್ಲಿ 'ಅಬ್ರಹಾಮನ ಆತಿಥ್ಯ' ಅಂತಲೇ ಈ ಪಟ ಬರೆಯುತ್ತಿದ್ದರು, ಅತಿಥಿಗಳ ಜೊತೆ ಗಂಡಹೆಂಡತಿ ಇಬ್ಬರೂ ಇರುತ್ತಿದ್ದರು. 15ನೇ ಶತಮಾನದಲ್ಲಿ ರಷ್ಯಾದ ರುಬ್ಲೇವ್ ಇದನ್ನೇ ತ್ರಿತ್ವದ (ತಂದೆ, ಮಗ, ಪವಿತ್ರಾತ್ಮ) ಪಟವಾಗಿ ಬರೆದಾಗ ಮೂವರು ದೇವದೂತರನ್ನು ಉಳಿಸಿ, ಅಬ್ರಹಾಮ ಸಾರಳನ್ನು ತೆಗೆದುಬಿಟ್ಟ. ಪಟ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ.

ಹಿಂದಿನ ಸಾಲು
ಊಟ ಹಾಕಿದವರು ಫೋಟೋದಲ್ಲಿಲ್ಲ. ಆಗಿನಿಂದಲೇ ಹೀಗೆ.

ಗಂಟೆ ಬಾರಿಸುವವನು
ಸತ್ಕಾರದ ವಿಷಯ ಬಂದರೆ ಮಾರ್ತಳಷ್ಟೇ ಮುಖ್ಯ ಸಂತ ಬೆನೆಡಿಕ್ಟ್, ಹಬ್ಬ ಜುಲೈ 11. 6ನೇ ಶತಮಾನದಲ್ಲಿ ಮಠವಾಸಿಗಳಿಗೆ ಬರೆದ ನಿಯಮದ 53ನೇ ಅಧ್ಯಾಯ ಪೂರ್ತಿ ಅತಿಥಿಗಳ ಬಗ್ಗೆ. ಬಂದ ಪ್ರತಿಯೊಬ್ಬರನ್ನೂ ಕ್ರಿಸ್ತನೇ ಬಂದ ಹಾಗೆ ಬರಮಾಡಿಕೊಳ್ಳಬೇಕು, ಏಕೆಂದರೆ "ಅಪರಿಚಿತನಾಗಿದ್ದೆ, ನೀವು ನನ್ನನ್ನು ಸೇರಿಸಿಕೊಂಡಿರಿ" ಅಂತ ಅವನೇ ಹೇಳುವವನಿದ್ದಾನೆ (ಮತ್ತಾಯ 25). ಮಠಾಧಿಪತಿಯೇ ಅತಿಥಿಗಳ ಕೈಗೆ ನೀರು ಹಾಕಬೇಕು. ಬಡವರಿಗೆ, ಯಾತ್ರಿಕರಿಗೆ ವಿಶೇಷ ಗಮನ. ಶ್ರೀಮಂತರಿಗೆ ಬೇರೆ ಹೇಳಬೇಕಿಲ್ಲ, ಅವರ ಮೇಲಿನ ಭಯವೇ ಅವರಿಗೆ ಮರ್ಯಾದೆ ಕೊಡಿಸುತ್ತದೆ ಅನ್ನುತ್ತಾನೆ. ಎಷ್ಟು ಕಂಡ ಮನುಷ್ಯ ನೋಡಿ!

ಆದರೆ ಮೂಲ ಪ್ರಶ್ನೆಗೆ ಬೇಕಾದದ್ದು ಮುಂದಿದೆ. ಅತಿಥಿಗಳ ಅಡುಗೆಮನೆಗೆ ವರ್ಷಕ್ಕೆ ಇಬ್ಬರು ಸಹೋದರರನ್ನು ನೇಮಿಸಬೇಕು, ಕೆಲಸ ಬಲ್ಲವರನ್ನು. ಕೆಲಸ ಹೆಚ್ಚಾದಾಗ ಅವರಿಗೆ ಸಹಾಯಕರನ್ನು ಕೊಡಬೇಕು. ಯಾಕೆ? ಗೊಣಗಾಟ ಇಲ್ಲದೆ ಸೇವೆ ಮಾಡಲಿ ಅಂತ. ಗೊಣಗಬೇಡಿ ಅಂತ ಉಪದೇಶ ಮಾಡಿ ಕೈತೊಳೆದುಕೊಳ್ಳಲಿಲ್ಲ, ಗೊಣಗಾಟಕ್ಕೆ ಕಾರಣ ಹುಡುಕಿ ಇನ್ನೆರಡು ಕೈ ಕೊಟ್ಟ. ಮಾರ್ತಳೂ ಕೇಳಿದ್ದು ಅದನ್ನೇ ಅಲ್ಲವಾ, ನನಗೆ ನೆರವಾಗಲು ಹೇಳು ಅಂತ.

ಸೌಟು ಹಿಡಿದವಳು
ಇದು! ಇದನ್ನು ಇಲ್ಲಿಯ ತನಕ ಯಾರೂ ನನಗೆ ಹೇಳಿರಲಿಲ್ಲ. ಸಹೋದರರು ಅಂದರೆ ಗಂಡಸರು ತಾನೆ?

ಗಂಟೆ ಬಾರಿಸುವವನು
ಗಂಡಸರೇ. ಮಠದಲ್ಲಿ ಬೇರೆ ಯಾರು ಇರುತ್ತಾರೆ 🙂

ನೇರ ಮಾತು
ಮಠದ ನಿಯಮ ಮಠಕ್ಕೆ. ಸಾಮಾನ್ಯ ಜನರ ಮನೆಯಲ್ಲಿ ಎರಡು ಕೈ ಎಲ್ಲಿಂದ ತರುವುದು? ಮಿತಿ ಇಲ್ಲದ ಸತ್ಕಾರ ಮನೆ ಮುರಿಯುತ್ತದೆ. ಒಬ್ಬ ನೆಂಟ 'ಎರಡು ದಿನ' ಅಂತ ಬಂದು ನಮ್ಮಲ್ಲಿ ಏಳು ವಾರ ಇದ್ದ. ಕೊನೆಗೆ ಟಿವಿ ರಿಮೋಟ್ ನಾವು ಅವನನ್ನು ಕೇಳಿ ತಗೋಬೇಕಾಯಿತು.

ಗ್ರೀಕ್ ಮೇಷ್ಟ್ರು
ಅದಕ್ಕೂ ಹಳೆಯ ಮದ್ದಿದೆ. 'ದಿದಾಖೆ' ಅಂತ ಆದಿ ಕ್ರೈಸ್ತರ ಒಂದು ಕೈಪಿಡಿ. ಊರೂರು ತಿರುಗುವ ಬೋಧಕ ಬಂದರೆ ಪ್ರಭುವನ್ನೇ ಬರಮಾಡಿಕೊಂಡ ಹಾಗೆ ಮಾಡಿ, ಒಂದು ದಿನ ಇರಲಿ, ಬೇಕಾದರೆ ಎರಡು ದಿನ. ಮೂರನೇ ದಿನವೂ ಇದ್ದರೆ ಅವನು ಸುಳ್ಳು ಪ್ರವಾದಿ! ಹೊರಡುವಾಗ ದುಡ್ಡು ಕೇಳಿದರೂ ಅಷ್ಟೇ. ಸಾಮಾನ್ಯ ಪ್ರಯಾಣಿಕನಿಗೆ ಎರಡು ಮೂರು ದಿನ. ನೆಲೆಸುವ ಆಸೆ ಇದ್ದರೆ ಕಸುಬು ಮಾಡಿ ಉಣ್ಣಲಿ.

ನೇರ ಮಾತು
ಏಳು ವಾರಕ್ಕೆ ಏನು ಹೆಸರು?

ಹಿಂದಿನ ಸಾಲು
ಮಹಾಪ್ರವಾದಿ.

ದಾರಿಹೋಕ
ನೀವೆಲ್ಲ ಬಡಿಸುವವರ ಕಡೆಯಿಂದ ಮಾತಾಡುತ್ತಿದ್ದೀರಿ. ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ.

ಕೆಲಸದ ಮೇಲೆ ಊರು ಬಿಟ್ಟು ಊರು ತಿರುಗುವವನು. ಒಂದು ಸಲ ಗೊತ್ತಿಲ್ಲದ ಊರಲ್ಲಿ ಸಂತರೊಬ್ಬರ ಹಬ್ಬದ ಊಟಕ್ಕೆ ಸಿಕ್ಕಿಕೊಂಡೆ. ತಟ್ಟೆ ಕೊಟ್ಟರು, ಹೊಟ್ಟೆ ತುಂಬ ಬಡಿಸಿದರು. ಒಂದೂವರೆ ಗಂಟೆ ಕೂತಿದ್ದೆ, ಒಬ್ಬರೂ "ಯಾವೂರು?" ಅನ್ನಲಿಲ್ಲ. ಎಲ್ಲರೂ ಅವರವರ ಗುಂಪಲ್ಲಿ ನಗುತ್ತಿದ್ದರು. ನನ್ನ ಎರಡೂ ಪಕ್ಕದ ಕುರ್ಚಿ ಖಾಲಿ. ಎದ್ದು ಹೋಗುವಾಗ ಗೇಟಿನ ಹತ್ತಿರ ಎಂಟೊಂಬತ್ತು ವರ್ಷದ ಹುಡುಗಿ ಸ್ಟೀಲ್ ಲೋಟದಲ್ಲಿ ನೀರು ಹಿಡಿದು ನಿಂತಿದ್ದಳು. ಯಾರಿಗೋ ತಂದದ್ದಿರಬೇಕು. ನನ್ನನ್ನು ನೋಡಿ, "ಅಂಕಲ್, ನೀರು ಕುಡೀತೀರಾ?" ಅಂದಳು. ಲೋಟ ಅಂಚಿನವರೆಗೆ ತುಂಬಿತ್ತು, ಅವಳ ಎರಡೂ ಕೈ ಒದ್ದೆ. ಕುಡಿದೆ. ಖಾಲಿ ಲೋಟ ತಗೊಂಡು ಕುಣಿಯುತ್ತಾ ಹೋದಳು.

ನನಗೆ ಹಬ್ಬ ಆದದ್ದು ಆ ಲೋಟದಲ್ಲಿ. ಸತ್ಕಾರಕ್ಕೆ ಗ್ರೀಕಿನಲ್ಲಿ ಅಪರಿಚಿತರ ಮೇಲಿನ ಪ್ರೀತಿ ಅನ್ನುವ ಅರ್ಥದ ಪದ ಇದೆ ಅಂತ ಕೇಳಿದ್ದೇನೆ, ಮೇಷ್ಟ್ರು ಹೇಳಲಿ. ನಮ್ಮವರಿಗೆ ನಾವೇ ಬಡಿಸಿಕೊಂಡರೆ ಅದು ಸಂತೋಷಕೂಟ, ತಪ್ಪೇನಿಲ್ಲ, ಸತ್ಕಾರ ಅಂತ ಕರೆಯಬೇಡಿ.

ಗ್ರೀಕ್ ಮೇಷ್ಟ್ರು
ಹೌದು, 'ಫಿಲೊಕ್ಸೆನಿಯಾ'. ಹಿಬ್ರಿಯರಿಗೆ 13:2ರಲ್ಲಿ ಅದೇ ಪದ: ಅದನ್ನು ಮರೆಯಬೇಡಿ, ಹಾಗೆ ಮಾಡಿ ಕೆಲವರು ತಿಳಿಯದೆಯೇ ದೇವದೂತರನ್ನು ಸತ್ಕರಿಸಿದ್ದಾರೆ. ಲ್ಯಾಟಿನ್ನಿನ 'ಹೋಸ್ಪೆಸ್' ಇನ್ನೂ ವಿಚಿತ್ರ, ಅತಿಥಿಗೂ ಅದೇ ಪದ, ಆತಿಥೇಯನಿಗೂ ಅದೇ. ಹಾಸ್ಪಿಟಲ್, ಹಾಸ್ಟೆಲ್, ಹೋಟೆಲ್ ಮೂರೂ ಅದರ ಮಕ್ಕಳು.

ಅಂಗಳದ ದೀಪ
ದಾರಿಹೋಕರೇ, ಬೇಜಾರಾಗಬೇಡಿ, ಆದರೆ ಅಡುಗೆಮನೆಯಲ್ಲಿ ಇದ್ದವರಿಗೆ ನಿಮ್ಮ ಪಕ್ಕದ ಕುರ್ಚಿ ಖಾಲಿ ಇದ್ದದ್ದು ಕಾಣುವುದು ಹೇಗೆ? ಮಾತಾಡಿಸಬೇಕಾದವರು ಕೂತಿದ್ದವರು. ಮರಿಯಳ ಕಡೆಯವರು!

ದಾರಿಹೋಕ
ಅದೂ ಸರಿ. ಆ ದಿಕ್ಕಲ್ಲಿ ಯೋಚಿಸಿರಲಿಲ್ಲ.

ಚೌಕಟ್ಟು
ಪುನರುತ್ಥಾನದ ನಂತರ ಕೆರೆದಂಡೆಯಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ರೊಟ್ಟಿ ಇಟ್ಟು "ಬನ್ನಿ, ಊಟ ಮಾಡಿ" ಅಂದವರು ಯಾರು ಅಂತ ಯಾರಾದರೂ ಹೇಳುತ್ತೀರಾ? ಯೊವಾನ್ನ 21, ಯೇಸುವೇ. ರಾತ್ರಿಯೆಲ್ಲ ಬಲೆ ಹಾಕಿ ಬಂದವರಿಗೆ. ಒಂದು ಕೆಂಡಕ್ಕೆ ಎಷ್ಟು ಊದಬೇಕು ಗೊತ್ತಲ್ಲ.

ನೇರ ಮಾತು
ಸರಿ, ಇದಕ್ಕೆ ಎದುರು ಮಾತಿಲ್ಲ. ಆದರೂ ಮೊದಲ ಮಾತು ಬಿಡಲ್ಲ: ಕೇಳುವುದು ಮೊದಲು, ಮಾಡುವುದು ಆಮೇಲೆ. ಏಳು ಜನ ಹೆಂಗಸರಿಗೆ ಪೂಜೆ ತಪ್ಪಿತಲ್ಲ, ಅದು ನನಗೆ ಸರಿ ಕಾಣುತ್ತಿಲ್ಲ. ಊಟ ಒಂದು ಗಂಟೆ ತಡವಾದರೆ ಯಾರೂ ಸಾಯಲ್ಲ. ಒಲೆ ಆರಿಸಿ ಎಲ್ಲರೂ ಪೂಜೆಗೆ ಬರಲಿ, ಪೂಜೆ ಮುಗಿದ ಮೇಲೆ ಎಲ್ಲರೂ ಒಲೆಗೆ ಬರಲಿ. ಗಂಡಸರೂ. ನಾನೂ.

ಹಳೇ ಪಾತ್ರೆ
ಇದನ್ನು ಮೊದಲೇ ಹೇಳಿದ್ದರೆ ಇಷ್ಟು ಉದ್ದ ಎಳೆಯುತ್ತಿತ್ತಾ 😀

ಪಂಚಾಂಗದ ಹುಚ್ಚ
ವಿಷಯಾಂತರ: ಫ್ರಾನ್ಸಿನ ದಕ್ಷಿಣದಲ್ಲಿ ತರಾಸ್ಕೋನ್ ಅಂತ ಊರು. ಮಾರ್ತ ಅಲ್ಲಿಗೆ ಬಂದು, ನದಿದಂಡೆಯ ಘಟಸರ್ಪದಂಥ ಪ್ರಾಣಿಯನ್ನು ಪವಿತ್ರ ಜಲ ಚಿಮುಕಿಸಿ ತನ್ನ ಸೊಂಟದ ಪಟ್ಟಿಯಿಂದ ಕಟ್ಟಿಹಾಕಿ ಎಳೆದು ತಂದಳು ಅಂತ ದಂತಕಥೆ. ಅದಕ್ಕೇ ಕೆಲವು ಪ್ರತಿಮೆಗಳಲ್ಲಿ ಅವಳ ಕಾಲ ಬಳಿ ಆ ಪ್ರಾಣಿ ಇರುತ್ತದೆ. ಇನ್ನು ಕೆಲವಲ್ಲಿ ಕೈಯಲ್ಲಿ ಸೌಟು.

ಹಿಂದಿನ ಸಾಲು
ಘಟಸರ್ಪ ಕಟ್ಟಿದವಳಿಗೆ ಗಡಿಬಿಡಿ ಮಾಡಬೇಡ ಅಂತ ಹೇಳುವ ಧೈರ್ಯ ಯಾರಿಗಿದೆ?

ಮಾಡರೇಟರ್
ಏಳು ವಾರದ ನೆಂಟನ ಬಗ್ಗೆ ಬಂದ ಹನ್ನೊಂದು ಉತ್ತರಗಳನ್ನು ಬೇರೆ ಚರ್ಚೆಗೆ ಸಾಗಿಸಲಾಗಿದೆ. ಇಲ್ಲಿ ವಿಷಯಕ್ಕೆ ಬನ್ನಿ.

ಸೌಟು ಹಿಡಿದವಳು
ಎಲ್ಲರಿಗೂ ವಂದನೆ. ನಿನ್ನೆ ಗುರುಗಳಿಗೆ ಬೆನೆಡಿಕ್ಟನ 53ನೇ ಅಧ್ಯಾಯವನ್ನೂ ಯೊವಾನ್ನ 12:2ನ್ನೂ ತೋರಿಸಿದೆ. ಜಗಳಕ್ಕೆ ಸಿದ್ಧವಾಗೇ ಹೋಗಿದ್ದೆ. ಅವರು ಓದಿದರು, ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೀವು ಬಾಗಿಲಲ್ಲಿ ನಿಂತಿದ್ದು ನಾನು ನೋಡಿದ್ದೆ, ಒಳಗೆ ಕರೆಯಬಹುದಿತ್ತು" ಅಂದರು. ಅಷ್ಟಕ್ಕೇ ನನ್ನ ಅರ್ಧ ಸಿಟ್ಟು ಇಳಿಯಿತು. ಉಳಿದರ್ಧ ಇಟ್ಟುಕೊಂಡಿದ್ದೇನೆ, ಮುಂದಿನ ವರ್ಷಕ್ಕೆ ಬೇಕಾಗುತ್ತದೆ. ಪೂಜೆ ಮುಗಿದ ಮೇಲೆ ಒಲೆ ಹಚ್ಚುವ ಯೋಜನೆ ಅವರಿಗೂ ಒಪ್ಪಿಗೆ. ಕೆಲಸದ ಪಟ್ಟಿ ಬರೆಯಲು ಕೂತೆವು, ಪಾತ್ರೆ ತೊಳೆಯುವ ಸಾಲಲ್ಲಿ ಮೊದಲ ಹೆಸರು ಅವರದೇ ಹಾಕಿಸಿಕೊಂಡರು.

ಹಳೇ ಪಾತ್ರೆ
ಆ ತಳ ಹಿಡಿದ ಪಾತ್ರೆ ಏನಾಯಿತು?

ಸೌಟು ಹಿಡಿದವಳು
ಮೂರು ದಿನದಿಂದ ನೀರು ಹಾಕಿಟ್ಟಿದ್ದೇನೆ, ಜಗ್ಗುತ್ತಿಲ್ಲ. ಏನಾದರೂ ಉಪಾಯ ಇದ್ದರೆ ಹೇಳಿ.

ಹಳೇ ಪಾತ್ರೆ
ಅಡುಗೆ ಸೋಡಾ ಹಾಕಿ ನೀರು ಕುದಿಸಿ, ಆರಲು ಬಿಟ್ಟು ಮರದ ಸೌಟಿನಿಂದ ಕೆರೆಯಿರಿ. ತಂತಿ ಬ್ರಷ್ ಬೇಡ, ಗೀರು ಬಿದ್ದರೆ ಮುಂದಿನ ಸಲ ಅಲ್ಲೇ ಹಿಡಿಯುತ್ತದೆ.

ಹಿಂದಿನ ಸಾಲು
ಕೆರೆಯಬೇಡಿ ಅಕ್ಕಾ, ಹಾಗೇ ಇಡಿ. ಪಟ್ಟಿಯಲ್ಲಿ ಮೊದಲ ಹೆಸರು ಇದೆಯಲ್ಲ.